ಕಾಫಿಪುಡಿ ಪ್ಯಾಕೆಟ್ ಕೇಸು ನಡೆಸಿದ ನನ್ನ ಅನುಭವ

ಮಡಿಕೇರಿ ಕೋರ್ಟಲ್ಲಿ ಟ್ರೇಡ್‌ಮಾರ್ಕ್ ಕೇಸು ಅಪರೂಪ, ನಮ್ಮ ಕೈಗೆ ಬರೋದೆಲ್ಲ ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಭೂಮಿ), ಪಾಲು, ಚೆಕ್ ಬೌನ್ಸು. ಸೋಮವಾರಪೇಟೆ ಕಡೆಯ ಕಾಫಿಪುಡಿ ಮಾಡೋರೊಬ್ರು ಬಂದು ನಮ್ ಪ್ಯಾಕೆಟ್ ಕಾಪಿ ಹೊಡ್ದಿದಾರೆ, "ಕೂರ್ಗ್" ಅಂತಾನೂ ಹಾಕ್ಕೊಂಡಿದಾರೆ ಅಂತ ಕೂಗಾಡಿದ್ರು. ಆ ಪದ ಬಿಟ್ಬಿಡಿ ಅಂದೆ. ಅದು ಊರಿನ ಹೆಸರು, ಒಬ್ಬರ ಸ್ವತ್ತಲ್ಲ, ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಪ್ಲೇಂಟಲ್ಲೇ (ದಾವೆ ಅರ್ಜೀಲಿ) "ಕೂರ್ಗ್ ಮೇಲೆ ನಮಗೆ ಹಕ್ಕಿಲ್ಲ" ಅಂತ ಬರೆದು, ಮಿಕ್ಕ ಹೆಸರು, ಬಣ್ಣ, ಡಿಸೈನ್ ಮೇಲೆ ಮಾತ್ರ ಹೋದ್ವಿ, ಎದುರಿನ ವಕೀಲರು ಆಮೇಲೆ ಅರ್ಧ ಗಂಟೆ ಅದೇ ಪಾಯಿಂಟ್ ವಾದ ಮಾಡಿದ್ದು ವೇಸ್ಟಾಯ್ತು.

ನಮ್ಮ ಮಾರ್ಕ್ ರಿಜಿಸ್ಟರ್ ಆಗಿರ್ಲಿಲ್ಲ, ಹಂಗಾಗಿ ಪಾಸಿಂಗ್ ಆಫ್, ಅಂದ್ರೆ ಅವರ ಮಾಲನ್ನ ನಮ್ಮದು ಅನ್ನೋ ಹಂಗೆ ಮಾರ್ತಿದಾರೆ ಅನ್ನೋ ದಾವೆ. ಟ್ರೇಡ್ ಮಾರ್ಕ್ಸ್ ಆಕ್ಟ್ ಸೆಕ್ಷನ್ 134ರಲ್ಲಿ ನಮ್ಮೂರಲ್ಲೇ ದಾವೆ ಹಾಕೋ ಅನುಕೂಲ ಇದೆಯಲ್ಲ, ಅದು ರಿಜಿಸ್ಟರ್ಡ್ ಮಾರ್ಕ್ ಇನ್‌ಫ್ರಿಂಜ್‌ಮೆಂಟಿಗೆ (ಉಲ್ಲಂಘನೆಗೆ) ಮಾತ್ರ, ಪಾಸಿಂಗ್ ಆಫ್‌ಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 20, ಅಂದ್ರೆ ಎದುರಿನವರು ಇರೋ ಕಡೆ ಇಲ್ಲಾ ತಪ್ಪು ನಡೆದ ಕಡೆ ದಾವೆ. ಅದಕ್ಕೇ ಕುಶಾಲನಗರದ ಅಂಗಡೀಲಿ ಎದುರಿನವರ ಪ್ಯಾಕೆಟ್ ಬಿಲ್ ಸಮೇತ ತಗೊಂಡು ಫೈಲಿಗೆ ಹಾಕಿದ್ವಿ, ಇಲ್ಲಿ ಮಾರಾಟ ಆಗ್ತಿದೆ ಅಂತ ತೋರ್ಸಕ್ಕೆ. ಇಂಥ ವ್ಯಾಪಾರದ ಕೇಸಿಗೆ ಕಮರ್ಷಿಯಲ್ ಕೋರ್ಟ್ಸ್ ಆಕ್ಟ್ ಸೆಕ್ಷನ್ 12ಎ ಪ್ರಕಾರ ಮೊದ್ಲು ರಾಜಿ ಮಾತುಕತೆಗೆ, ಅಂದ್ರೆ ಮೀಡಿಯೇಷನ್‌ಗೆ ಹೋಗ್ಬೇಕು, ತುರ್ತು ತಡೆಯಾಜ್ಞೆ ಬೇಕಿದ್ರೆ ಮಾತ್ರ ವಿನಾಯ್ತಿ, 2022ರಲ್ಲಿ ಸುಪ್ರೀಂ ಕೋರ್ಟು ಇದು ಕಡ್ಡಾಯ ಅಂದ್ಮೇಲೆ ಸುಮ್ನೆ "ಅರ್ಜೆಂಟ್" ಅಂತ ಬರೆದ್ರೆ ಸಾಲಲ್ಲ. ಅದಕ್ಕೇ ಡಿಸೆಂಬರ್ ಟೂರಿಸ್ಟ್ ಸೀಸನ್ನಲ್ಲೇ ಪುಡಿ ಜಾಸ್ತಿ ಹೋಗೋದು ಅನ್ನೋದನ್ನ ಸೇಲ್ಸ್ ಲೆಕ್ಕದ ಜೊತೆ ಬರೆದ್ವಿ.

ನಿಜವಾದ ಕೆಲಸ ಇದ್ದಿದ್ದು ಹಳೇ ಕಾಗದ ಹುಡುಕೋದ್ರಲ್ಲಿ. ಯಾರು ಮೊದ್ಲು ಬಳಸಿದ್ರು ಅನ್ನೋದೇ ಇಲ್ಲಿ ಮುಖ್ಯ. ಪ್ರಿಂಟಿಂಗ್ ಪ್ರೆಸ್ ಬಿಲ್ಲು, ಬಸ್ ಪಾರ್ಸಲ್ ರಸೀದಿ, ಫುಡ್ ಲೈಸೆನ್ಸ್, ಇಲಿ ಕಡಿದಿದ್ದ ಬಿಲ್ ಬುಕ್ಕು, ಎಲ್ಲಾ ಐಎ (ತಡೆಯಾಜ್ಞೆ ಕೇಳೋ ಮಧ್ಯಂತರ ಅರ್ಜಿ) ಜೊತೆಗೇ ಕೊಟ್ವಿ, ಎವಿಡೆನ್ಸ್ ಹಂತಕ್ಕೆ ಅಂತ ಏನೂ ಎತ್ತಿಡ್ಲಿಲ್ಲ. ಎರಡೂ ಪ್ಯಾಕೆಟ್ ಜಡ್ಜ್ ಮುಂದೆ ಇಟ್ವಿ. ತಡೆಯಾಜ್ಞೆ ಸಿಕ್ತು.

ಎದುರಿನವ್ರು ಹೈಕೋರ್ಟಿಗೆ ಅಪೀಲು ಹೋದ್ರು, ಸಿಪಿಸಿ ಆರ್ಡರ್ 43 ಜೊತೆ ಕಮರ್ಷಿಯಲ್ ಕೋರ್ಟ್ಸ್ ಆಕ್ಟ್ ಸೆಕ್ಷನ್ 13ರ ಕೆಳಗೆ, 60 ದಿನದೊಳಗೆ. ಅಪೀಲು ಅಂದ್ರೆ ಇಡೀ ಕೇಸು ಹೊಸದಾಗಿ ಕೇಳ್ತಾರೆ ಅಂತ ಕಕ್ಷಿದಾರರಿಗೆ ಭಯ. ಹಂಗಲ್ಲ. ಸುಪ್ರೀಂ ಕೋರ್ಟಿನ 1990ರ ವಾಂಡರ್ ತೀರ್ಪಿನ ಪ್ರಕಾರ ಕೆಳಗಿನ ಕೋರ್ಟು ಮನಸ್ಸಿಗೆ ಬಂದಂಗೆ, ಇಲ್ಲಾ ಕಾನೂನು ಮೀರಿ ಆರ್ಡರ್ ಮಾಡಿದ್ರೆ ಮಾತ್ರ ಕೈ ಹಾಕ್ತಾರೆ, ಬೇರೆ ಥರಾನೂ ಯೋಚನೆ ಮಾಡ್ಬಹುದಿತ್ತು ಅನ್ನೋದು ಸಾಕಾಗಲ್ಲ. ಅವ್ರು ಅಲ್ಲಿ ಹೊಸಾ ಇನ್‌ವಾಯ್ಸ್ ತೆಗೆದ್ರು, ಇಷ್ಟು ದಿನ ಎಲ್ಲಿತ್ತು ಅಂತ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ.

ಅಪೀಲು ವಜಾ ಆದ್ಮೇಲೆ ಅವ್ರೇ ರಾಜಿಗೆ ಬಂದ್ರು. ಪ್ಯಾಕೆಟ್ ಬದಲಾಯಿಸ್ತೀವಿ ಅಂತ ಒಪ್ಕೊಂಡ್ರು, ರಾಜಿ ಡಿಕ್ರಿ ಆಯ್ತು, ಹಳೇ ಸ್ಟಾಕ್ ಖಾಲಿ ಮಾಡಕ್ಕೆ ಸ್ವಲ್ಪ ಟೈಮ್ ಕೊಟ್ವಿ, ಖರ್ಚು ಅವರವರದ್ದು.