ಬಿಡಿಭಾಗಗಳ ಟಾಲರೆನ್ಸ್ ಲೆಕ್ಕ: ಉಚಿತ ಸಾಫ್ಟ್‌ವೇರ್‌ನಲ್ಲಿ ಹೀಗೆ ಮಾಡಿ

ಕಂಪ್ಯೂಟರ್‌ನಲ್ಲಿ ಬಿಡಿಸಿದ ಮಾಡೆಲ್‌ನಲ್ಲಿ 20 ಮಿ.ಮೀ. ಎಂದರೆ ಸರಿಯಾಗಿ 20. ಪೀಣ್ಯದ ಯಾವುದೋ ಲೇತ್‌ನಿಂದ ಇಳಿದ ಗೇರ್ 19.97 ಇರಬಹುದು, 20.04 ಇರಬಹುದು. ಹೀಗೆ ಎಷ್ಟು ಏರುಪೇರಾದರೆ ನಡೆಯುತ್ತದೆ ಎಂಬ ಮಿತಿಯೇ ಟಾಲರೆನ್ಸ್. ಡ್ರಾಯಿಂಗ್‌ನಲ್ಲಿ ಅದಕ್ಕೆ ± ಹಾಕುವುದನ್ನು ಡಿಪ್ಲೊಮಾ, ಬಿ.ಇ. ತರಗತಿಗಳಲ್ಲಿ ಕಲಿಸುತ್ತಾರೆ. ಆದರೆ ಐದಾರು ಭಾಗಗಳ ± ಒಂದರ ಪಕ್ಕ ಒಂದು ಸೇರಿದಾಗ ಏನಾಗುತ್ತದೆ ಎಂಬುದು ಬಹಳಷ್ಟು ಮಂದಿಗೆ ಕೆಲಸಕ್ಕೆ ಸೇರಿದ ಮೇಲೆಯೇ ಗೊತ್ತಾಗುವುದು. ಅಷ್ಟು ದಿನ ಕಾಯಬೇಕಿಲ್ಲ. 3ಡಿ ಮಾಡೆಲ್ ಬಿಡಿಸಲು ಫ್ರೀಕ್ಯಾಡ್, ಲೆಕ್ಕದ ಸ್ಪ್ರೆಡ್‌ಶೀಟ್‌ಗೆ ಲಿಬ್ರೆಆಫೀಸ್ ಕ್ಯಾಲ್ಕ್ ಇದ್ದರೆ ಸಾಕು, ಎರಡೂ ಉಚಿತ. ಫ್ರೀಕ್ಯಾಡ್ ಹಾಕಿಕೊಳ್ಳುವಾಗ 2024ರ ನವೆಂಬರ್‌ನಲ್ಲಿ ಬಂದ 1.0 ಅಥವಾ ಅದರ ನಂತರದ ಆವೃತ್ತಿಯನ್ನೇ ಆರಿಸಿ. ಭಾಗಗಳನ್ನು ಜೋಡಿಸುವ ಅಸೆಂಬ್ಲಿ ಸೌಲಭ್ಯ ಅದರಲ್ಲೇ ಸೇರಿದೆ.

ಹಂತ 1: ಒಂದು ಸಂದನ್ನು ಆರಿಸಿಕೊಳ್ಳಿ

ಇಡೀ ಯಂತ್ರಕ್ಕೆ ಕೈಹಾಕಬೇಡಿ. 25 ಮಿ.ಮೀ. ಶಾಫ್ಟ್ ಒಂದನ್ನು ತೆಗೆದುಕೊಳ್ಳೋಣ. ಅದರ ಸ್ಟೆಪ್‌ಗೆ (ಶಾಫ್ಟ್ ದಪ್ಪಗಾಗುವ ಅಂಚು) ತಾಗಿ ಗೇರ್, ಆಮೇಲೆ ಸ್ಪೇಸರ್ (ನಡುವೆ ಅಂತರ ಇಡುವ ಬಳೆ), ಆಮೇಲೆ 6205 ಸಂಖ್ಯೆಯ ಬೇರಿಂಗ್, ಕೊನೆಗೆ ಗ್ರೂವ್‌ನಲ್ಲಿ (ಶಾಫ್ಟ್ ಸುತ್ತ ಕೊರೆದ ಕಚ್ಚು) ಸರ್‌ಕ್ಲಿಪ್, ಅಂದರೆ ಇವೆಲ್ಲ ಜಾರದಂತೆ ತಡೆಯುವ ಉಂಗುರ. ಅಳತೆಗಳು ಮಿ.ಮೀ.ನಲ್ಲಿ ಹೀಗಿರಲಿ:

ಗೇರ್ ಅಗಲ: 20 ± 0.05
ಸ್ಪೇಸರ್: 5 ± 0.05
ಬೇರಿಂಗ್ ಅಗಲ: 15, ಮೇಲಕ್ಕೆ 0, ಕೆಳಕ್ಕೆ 0.12
ಸರ್‌ಕ್ಲಿಪ್ ದಪ್ಪ: 1.2, ಮೇಲಕ್ಕೆ 0, ಕೆಳಕ್ಕೆ 0.06
ಶಾಫ್ಟ್‌ನ ಸ್ಟೆಪ್‌ನಿಂದ ಗ್ರೂವ್‌ನ ಹೊರಗೋಡೆಯವರೆಗೆ: 41.35 ± 0.10

ಶಾಫ್ಟ್‌ನ ಅಳತೆಯಲ್ಲಿ ಉಳಿದ ನಾಲ್ಕನ್ನೂ ಕಳೆದ ಮೇಲೆ ಉಳಿಯುವ ಸಂದು 0.05ಕ್ಕಿಂತ ಕಡಿಮೆಯಾದರೆ ಸರ್‌ಕ್ಲಿಪ್ ಕೂರಿಸುವುದು ಕಷ್ಟ, 0.45 ದಾಟಿದರೆ ಗೇರ್ ಅಲ್ಲಾಡುತ್ತದೆ ಎಂದಿಟ್ಟುಕೊಳ್ಳಿ. ಶಾಫ್ಟ್‌ನ ಅಳತೆಗೆ ಟಾಲರೆನ್ಸ್ ಬರೆಯುವುದನ್ನು ಮಾತ್ರ ಮರೆಯಬೇಡಿ. ಬರೆಯದೆ ಬಿಟ್ಟು, ಡ್ರಾಯಿಂಗ್‌ನ ಮೂಲೆಯಲ್ಲಿ ಐಎಸ್‌ಒ 2768ರ (ಟಾಲರೆನ್ಸ್ ಬರೆಯದ ಅಳತೆಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ) ಮಧ್ಯಮ ದರ್ಜೆ ಎಂದಿದ್ದರೆ 41.35ಕ್ಕೆ ± 0.3 ಅನ್ವಯವಾಗುತ್ತದೆ. ಆಗ ಈ ಲೆಕ್ಕಕ್ಕೇ ಅರ್ಥವಿಲ್ಲ.

ಹಂತ 2: ಮಾಡೆಲ್ ಅನ್ನು ಅಂಕಿಗಳಿಗೆ ಕಟ್ಟಿಹಾಕಿ

ಫ್ರೀಕ್ಯಾಡ್‌ನಲ್ಲಿ ಸ್ಪ್ರೆಡ್‌ಶೀಟ್ ತೆರೆದು ಐದೂ ಅಳತೆಗಳನ್ನು ಬರೆಯಿರಿ. ಪ್ರತಿ ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅದಕ್ಕೊಂದು ಅಲಿಯಾಸ್, ಅಂದರೆ ಹೆಸರು ಕೊಡಿ. ಆಮೇಲೆ ಸ್ಕೆಚ್‌ನಲ್ಲಿ ಅಳತೆ ತುಂಬುವಾಗ ಅಂಕಿ ಬರೆಯುವ ಬದಲು ಚೌಕದ ಪಕ್ಕದ ಪುಟ್ಟ ನೀಲಿ ಗುರುತನ್ನು ಒತ್ತಿ ಆ ಹೆಸರನ್ನು ಕೊಡಿ. ಇನ್ನು ಮುಂದೆ ಶೀಟ್‌ನಲ್ಲಿ ಅಂಕಿ ಬದಲಿಸಿದರೆ ಮಾಡೆಲ್ ತಾನಾಗಿ ಬದಲಾಗುತ್ತದೆ.

ಈಗ ಗೇರ್ 20.05, ಸ್ಪೇಸರ್ 5.05, ಬೇರಿಂಗ್ 15, ಸರ್‌ಕ್ಲಿಪ್ 1.2 ಮಾಡಿ. ಒಟ್ಟು 41.30. ಶಾಫ್ಟ್ ಅನ್ನು 41.25ಕ್ಕೆ ಇಳಿಸಿ. ಸರ್‌ಕ್ಲಿಪ್ ಮತ್ತು ಶಾಫ್ಟ್ ಎರಡನ್ನೂ ಆರಿಸಿ, ಪಾರ್ಟ್ ವರ್ಕ್‌ಬೆಂಚ್‌ನ (ವರ್ಕ್‌ಬೆಂಚ್ ಅಂದರೆ ಫ್ರೀಕ್ಯಾಡ್‌ನ ಉಪಕರಣಗಳ ಒಂದು ಗುಂಪು) ಬೂಲಿಯನ್‌ನಲ್ಲಿ ‘ಇಂಟರ್‌ಸೆಕ್ಷನ್’ (ಕಾಮನ್) ಕೊಟ್ಟರೆ ಎರಡೂ ಒಂದರೊಳಗೊಂದು ಹೊಕ್ಕ ಭಾಗ ಮಾತ್ರ ಉಳಿಯುತ್ತದೆ: 0.05 ಮಿ.ಮೀ. ದಪ್ಪದ ತೆಳು ಹಾಳೆ. ಐದೂ ಭಾಗಗಳು ಟಾಲರೆನ್ಸ್ ಒಳಗೇ ಇವೆ, ಆದರೂ ಜೋಡಣೆ ಆಗುವುದಿಲ್ಲ. ವಿದ್ಯಾರ್ಥಿಗಳಿಗೆ ಇದನ್ನು ಬೋರ್ಡ್ ಮೇಲೆ ಬರೆದು ಹೇಳುವುದಕ್ಕಿಂತ ಹೀಗೆ ತೋರಿಸಿದರೆ ಬೇಗ ಮನದಟ್ಟಾಗುತ್ತದೆ.

ಹಂತ 3: ಎರಡು ಬಗೆಯ ಲೆಕ್ಕ

ಮೊದಲು ಪ್ರತಿ ಅಳತೆಯನ್ನೂ ನಡುಬೆಲೆಗೆ ತನ್ನಿ. ಬೇರಿಂಗ್ 14.94 ± 0.06, ಸರ್‌ಕ್ಲಿಪ್ 1.17 ± 0.03 ಆಗುತ್ತವೆ. ನಡುವಿನ ಸಂದು 0.24. ಐದೂ ± ಕೂಡಿಸಿದರೆ 0.29. ಹೀಗಾಗಿ ಸಂದು −0.05ರಿಂದ 0.53ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದು ಅತ್ಯಂತ ಕೆಟ್ಟ ಸ್ಥಿತಿಯ ಲೆಕ್ಕ.

ಐದೂ ಭಾಗಗಳು ಒಂದೇ ಜೋಡಣೆಯಲ್ಲಿ ಕೆಟ್ಟ ಅಂಚಿಗೆ ಬೀಳುವುದು ಅಪರೂಪ. ಆದ್ದರಿಂದ ± ಅಂಕಿಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುತ್ತಾರೆ. ಇಲ್ಲಿ ಅದು 0.14. ಸಂದು 0.10ರಿಂದ 0.38, ಅಂದರೆ ಸುರಕ್ಷಿತ. ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಒಟ್ಟು ಏರುಪೇರಿನಲ್ಲಿ (ವರ್ಗಗಳ ಮೊತ್ತದಲ್ಲಿ) ಶೇ 51ರಷ್ಟು ಶಾಫ್ಟ್ ಒಂದರದ್ದೇ. ಸರ್‌ಕ್ಲಿಪ್‌ನದು ಶೇ 5ರಷ್ಟೂ ಇಲ್ಲ. ದುಡ್ಡು ಖರ್ಚು ಮಾಡಿ ಬಿಗಿಗೊಳಿಸಬೇಕಾಗಿ ಬಂದರೆ ಯಾವುದನ್ನು ಎಂಬುದಕ್ಕೆ ಇಲ್ಲೇ ಉತ್ತರವಿದೆ.

ಹಂತ 4: ಹತ್ತು ಸಾವಿರ ಜೋಡಣೆ ಮಾಡಿ ನೋಡಿ

ಪಠ್ಯ ಸಾಮಾನ್ಯವಾಗಿ ಮೂರನೇ ಹಂತಕ್ಕೇ ನಿಲ್ಲುತ್ತದೆ. ನನ್ನ ಪ್ರಕಾರ ನಿಜವಾದ ಕಲಿಕೆ ಇಲ್ಲಿಂದ ಮುಂದಿದೆ.

ಕ್ಯಾಲ್ಕ್‌ನಲ್ಲಿ ಐದು ಭಾಗಕ್ಕೆ ಐದು ಕಾಲಂ ಮಾಡಿ. ಪ್ರತಿ ಸೆಲ್‌ನಲ್ಲಿ ‘ನಾರ್ಮ್‌ಇನ್ವ್’ (NORMINV) ಫಂಕ್ಷನ್ ಬಳಸಿ. ಅದರೊಳಗೆ ಮೊದಲು ‘ರ‍್ಯಾಂಡ್’ (RAND), ಆಮೇಲೆ ನಡುಬೆಲೆ, ಆಮೇಲೆ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಳತೆಗಳು ನಡುಬೆಲೆಯ ಸುತ್ತ ಎಷ್ಟು ಹರಡಿವೆ ಎಂಬ ಅಂಕಿ. ಇದಕ್ಕೆ ಸದ್ಯಕ್ಕೆ ± ಅಂಕಿಯ ಮೂರನೇ ಒಂದು ಭಾಗ ಇಡಿ. ಆರನೇ ಕಾಲಂನಲ್ಲಿ ಶಾಫ್ಟ್‌ನಿಂದ ಉಳಿದ ನಾಲ್ಕನ್ನು ಕಳೆಯಿರಿ. 10,000 ಸಾಲುಗಳಿಗೆ ಎಳೆದು, 0.05ಕ್ಕಿಂತ ಕಡಿಮೆ ಎಷ್ಟಿವೆ ಎಂದು ‘ಕೌಂಟ್‌ಇಫ್’ (COUNTIF) ಫಂಕ್ಷನ್‌ನಿಂದ ಎಣಿಸಿ. ಎಫ್9 ಒತ್ತಿದಾಗಲೆಲ್ಲ ಹೊಸದಾಗಿ 10,000 ಜೋಡಣೆ. ಉತ್ತರ ಹೆಚ್ಚಿನ ಸಲ ಸೊನ್ನೆಯೇ ಬರುತ್ತದೆ.

ಈಗ ಲೇತ್ ಮುಂದೆ ನಿಂತವರ ಕೈ ಹೇಗೆ ಓಡುತ್ತದೆ ಎಂದು ಯೋಚಿಸಿ. ಗೇರ್ ದಪ್ಪ ಉಳಿದರೆ ಇನ್ನೊಂದು ಕಟ್ ಕೊಟ್ಟು ಸರಿಮಾಡಬಹುದು, ತೆಳುವಾದರೆ ಜಾಬ್, ಅಂದರೆ ಆ ಭಾಗ, ಸ್ಕ್ರ್ಯಾಪ್. ಹಾಗಾಗಿ ಒಳ್ಳೆಯ ಆಪರೇಟರ್ ಮೇಲಿನ ಮಿತಿ ಒಳಗೆ ಬಂದೊಡನೆ ನಿಲ್ಲಿಸುತ್ತಾರೆ. ಸ್ಪೇಸರ್‌ಗೂ ಅಷ್ಟೇ. ಗ್ರೂವ್‌ನ ಹೊರಗೋಡೆಯನ್ನು ಹೊರಕ್ಕೆ ಸರಿಸಬಹುದು, ಒಳಕ್ಕೆ ತರಲಾಗದು. ಆದ್ದರಿಂದ ಶಾಫ್ಟ್‌ನ ಅಳತೆ ಗಿಡ್ಡದ ಕಡೆಗೆ ವಾಲುತ್ತದೆ. ಮೂರೂ ವಾಲುವುದು ಒಂದೇ ದಿಕ್ಕಿಗೆ, ಸಂದು ಕಿರಿದಾಗುವ ದಿಕ್ಕಿಗೆ.

ಇದನ್ನೇ ಶೀಟ್‌ಗೆ ಹಾಕಿ. ಗೇರ್ ನಡುಬೆಲೆ 20.025, ಸ್ಪೇಸರ್ 5.025, ಎರಡಕ್ಕೂ ಡೀವಿಯೇಷನ್ 0.0083. ಶಾಫ್ಟ್ 41.30, ಡೀವಿಯೇಷನ್ 0.0167. ಬೇರಿಂಗ್, ಸರ್‌ಕ್ಲಿಪ್ ಹಾಗೇ ಇರಲಿ. ಏರುಪೇರು ಮೊದಲಿಗಿಂತ ಕಡಿಮೆ, ಭಾಗಗಳು ಇನ್ಸ್‌ಪೆಕ್ಷನ್‌ನಲ್ಲಿ ಪಾಸಾಗುತ್ತವೆ. ಆದರೂ 10,000ದಲ್ಲಿ ಸುಮಾರು 15 ಜೋಡಣೆಗಳು 0.05ಕ್ಕಿಂತ ಬಿಗಿಯಾಗುತ್ತವೆ. ವರ್ಗಮೂಲದ ಸೂತ್ರ ಇದನ್ನು ತೋರಿಸಲಿಲ್ಲ, ಏಕೆಂದರೆ ಎಲ್ಲರೂ ನಡುಬೆಲೆಗೇ ಗುರಿಯಿಡುತ್ತಾರೆ ಎಂದು ಅದು ನಂಬಿದೆ.

ಹಂತ 5: ಅಗ್ಗದ ಪರಿಹಾರ ಮೊದಲು

ಶಾಫ್ಟ್‌ನ ಟಾಲರೆನ್ಸ್ ಅನ್ನು ± 0.05ಕ್ಕೆ ಬಿಗಿಮಾಡಲು ಕೈ ಹೋಗುತ್ತದೆ. ತಡೆಯಿರಿ, ಪ್ರತಿ ಜಾಬ್‌ಗೂ ಅದರ ಖರ್ಚಿದೆ. ಬದಲಿಗೆ 41.35 ಅನ್ನು 41.40 ಮಾಡಿ, ± 0.10 ಹಾಗೇ ಬಿಡಿ. ವಾಲಿದ ಶಾಫ್ಟ್‌ನ ನಡುಬೆಲೆಯನ್ನೂ 41.30ರಿಂದ 41.35ಕ್ಕೆ ಏರಿಸಿ ಮತ್ತೆ ಶೀಟ್ ಓಡಿಸಿ. ಆಪರೇಟರ್ ಕೈ ಹಾಗೆಯೇ ವಾಲಿದರೂ ಬಿಗಿ ಜೋಡಣೆಗಳು ಬಹುತೇಕ ಮಾಯವಾಗುತ್ತವೆ. ವಾಲದಿದ್ದರೆ ಸಂದು 0.15ರಿಂದ 0.43, 0.45ರ ಒಳಗೇ. ಡ್ರಾಯಿಂಗ್‌ನಲ್ಲಿ ಒಂದು ಅಂಕಿ ಬದಲಾಯಿತು, ಅಷ್ಟೇ. ಫ್ರೀಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡುವ ಟೆಕ್‌ಡ್ರಾ ವರ್ಕ್‌ಬೆಂಚ್‌ನಲ್ಲಿ ಅಳತೆಯನ್ನು ಆರಿಸಿ ಮೇಲಿನ, ಕೆಳಗಿನ ಟಾಲರೆನ್ಸ್ ತುಂಬಿದರೆ ಡ್ರಾಯಿಂಗ್ ಶೀಟ್ ತಯಾರು.

ನಾವು ಇಟ್ಟ 20.025, 0.0083 ಅಂದಾಜಿನ ಅಂಕಿಗಳು. ಕಾಲೇಜಿನ ವರ್ಕ್‌ಶಾಪ್‌ನಲ್ಲೋ ಹತ್ತಿರದ ಕಾರ್ಖಾನೆಯಲ್ಲೋ ಒಂದೇ ಬ್ಯಾಚ್‌ನ 30 ಸ್ಪೇಸರ್‌ಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಲು ಕೇಳಿಕೊಳ್ಳಿ. ವರ್ನಿಯರ್ ಇದಕ್ಕೆ ಸಾಲದು. ಮಾಡಿದ ಕ್ರಮದಲ್ಲೇ ಬರೆದುಕೊಳ್ಳಿ, ಟೂಲ್ ಸವೆದಂತೆ ಅಳತೆ ಸರಿಯುವುದೂ ಆಗ ಕಾಣುತ್ತದೆ. ಸರಾಸರಿ, ಡೀವಿಯೇಷನ್ ಎರಡನ್ನೂ ಕ್ಯಾಲ್ಕ್‌ನಲ್ಲೇ ತೆಗೆದು ನಾಲ್ಕನೇ ಹಂತದ ಕಾಲಂಗೆ ತುಂಬಿ, ಮತ್ತೆ ಎಫ್9 ಒತ್ತಿ.