ಜಾಝ್ ಚರಿತ್ರೆ: ಪ್ಲೇಟು ಆಮೇಲೆ, ಕಾಗದ ಮೊದಲು

ಗ್ರಾಮಫೋನ್ ಪ್ಲೇಟು ಬಿಟ್ಟು ಹಳೇ ಕಾಗದದಿಂದ ಜಾಝ್ ಚರಿತ್ರೆ ಶುರು ಮಾಡುತ್ತೇನೆ ಅಂದಾಗ ನಕ್ಕವರೇ ಹೆಚ್ಚು. ಆದರೆ ಮೊದಲ ಜಾಝ್ ಪ್ಲೇಟು ರೆಕಾರ್ಡ್ ಆದದ್ದು 1917ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನಲ್ಲಿ, ಬಿಳಿಯರ ತಂಡದಿಂದ. ಅದಕ್ಕೂ ಮೊದಲೇ ಹೆಸರಾದ ನ್ಯೂ ಆರ್ಲಿಯನ್ಸಿನ ಕಪ್ಪು ಕಾರ್ನೆಟ್ (ತುತ್ತೂರಿಯಂಥ ವಾದ್ಯ) ವಾದಕ ಬಡ್ಡಿ ಬೋಲ್ಡನ್ 1907ಕ್ಕೇ ಹುಚ್ಚಾಸ್ಪತ್ರೆ ಸೇರಿದ್ದ. ಪ್ಲೇಟನ್ನೇ ನೆಚ್ಚಿದರೆ ಅವನು ಹುಟ್ಟೇ ಇಲ್ಲ.

ಮೊದಲ ಸೋಲು ಪದದ್ದು. 1913ರ ಪತ್ರಿಕೆಗಳಲ್ಲಿ 'ಜಾಝ್' ಎಂದು ಹುಡುಕಿದರೆ ಸಿಗುವುದು ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಸುದ್ದಿ. ಸಂಗೀತಕ್ಕೆ 'ರ್ಯಾಗ್‌ಟೈಮ್' ಎಂದೇ ಹುಡುಕಬೇಕು. ಆಮೇಲೆ 'ಜಾಸ್', ಅದೇ ಪದದ ಹಳೇ ರೂಪ. ನನ್ನ ಕಾಗುಣಿತದ ಪಟ್ಟಿ ಮೂವತ್ತರ ಹತ್ತಿರ ಇದೆ, ಅದನ್ನು ಮಾತ್ರ ಕೇಳಬೇಡಿ. ಕಪ್ಪುಜನರ ಪತ್ರಿಕೆಗಳಾದ ಇಂಡಿಯಾನಾಪೊಲಿಸ್ ಫ್ರೀಮನ್, ಚಿಕಾಗೊ ಡಿಫೆಂಡರ್‌ಗಳಲ್ಲಿ ವಿಮರ್ಶೆಗಿಂತ ಜಾಹೀರಾತು ವಾಸಿ: ಯಾರು, ಎಲ್ಲಿ, ಯಾವತ್ತು ಎಂಬುದು ಸಿಗುತ್ತದೆ. ಈ ಹಳೇ ಪತ್ರಿಕೆಗಳನ್ನು ನೋಡಲು ನಾನು ಕೊಟ್ಟ ಚಂದಾ ವರ್ಷಕ್ಕೆ ಹದಿನೈದು ಸಾವಿರ ರೂಪಾಯಿ ಚಿಲ್ಲರೆ. ಅದಕ್ಕೂ ಮೊದಲು ಪ್ಲೇಟಿಗೆ ಸುರಿದದ್ದು ನಲವತ್ತು ಸಾವಿರ. ಅರಗಿನ ಪ್ಲೇಟು ತಾನೆ, ಮೂರು ಅಂಚೆಯಲ್ಲೇ ಚೂರಾದವು.

ನೆನಪಿಗಿಂತ ಚರ್ಚಿನ ದಫ್ತರ ಮೇಲು. ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹೇಳುತ್ತಿದ್ದ ಹುಟ್ಟುದಿನ 1900ರ ಜುಲೈ 4. ದೀಕ್ಷಾಸ್ನಾನದ ದಾಖಲೆ 1901ರ ಆಗಸ್ಟ್ 4 ಅನ್ನುತ್ತದೆ. 1902ರಲ್ಲಿ ಜಾಝ್ ಕಂಡುಹಿಡಿದೆ ಎಂದ ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್‌ಗೆ, ಚರ್ಚಿನ ಲೆಕ್ಕದಲ್ಲಿ, ಆಗ ಹನ್ನೆರಡೇ ವರ್ಷ! ಹಾಗಂತ 1938ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದಾಖಲಿಸಿದ ಅವನ ಮಾತನ್ನು ಬಿಸಾಡಬೇಡಿ. ಸ್ವಂತ ಹೆಚ್ಚುಗಾರಿಕೆ ಇಲ್ಲದ ಕಡೆ, ಬೇರೆ ಪಿಯಾನೋಗಾರರು ಹೇಗೆ ನುಡಿಸುತ್ತಿದ್ದರೆಂದು ನುಡಿಸಿ ತೋರಿಸುವಾಗ, ಅವನು ಚಿನ್ನ. ನ್ಯೂ ಆರ್ಲಿಯನ್ಸಿನ ತುಲೇನ್ ವಿಶ್ವವಿದ್ಯಾಲಯದಲ್ಲಿರುವ ಹಳೇ ವಾದಕರ ಸಂದರ್ಶನಗಳಲ್ಲೂ ಸಾರಾಂಶ ಓದಿ ಮುಗಿಸಬೇಡಿ, ಟೇಪು ಕೇಳಿ. ಎಷ್ಟೋ ಸಲ ಪ್ರಶ್ನೆ ಕೇಳುವವನೇ ಉತ್ತರ ಬಾಯಿಗಿಟ್ಟಿರುತ್ತಾನೆ.

ಪ್ಲೇಟಿನ ಸರದಿ ಆಮೇಲೆ. ಲೇಬಲ್ಲಿಗಿಂತ ಅದರ ಸುತ್ತಲಿನ ಖಾಲಿ ಭಾಗದಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ರೆಕಾರ್ಡಿಂಗಿನ ಗುರುತಿನ ಸಂಖ್ಯೆ, ನಂಬಿ. 1923ರ ಕಿಂಗ್ ಆಲಿವರ್ ತಂಡದ ಪ್ಲೇಟು ಕೇಳಿ ಡ್ರಮ್ಮಿನ ಶೈಲಿ ತೀರ್ಮಾನಿಸಬೇಡಿ: ಮೈಕಿಲ್ಲದೆ ದೊಡ್ಡ ಕಹಳೆಯ ಬಾಯಿಗೆ ನುಡಿಸಿ ರೆಕಾರ್ಡ್ ಮಾಡುತ್ತಿದ್ದ ಕಾಲ, ದೊಡ್ಡ ಡ್ರಮ್ ಹೊಡೆದರೆ ಸೂಜಿ ಹಾರುತ್ತಿತ್ತು, ಹಾಗಾಗಿ ತಂಡದ ಡ್ರಮ್ಮರ್ ಬೇಬಿ ಡಾಡ್ಸ್ ಮರದ ತುಂಡು ಕುಟ್ಟಿದ. ಮೂರು ನಿಮಿಷವೂ ಪ್ಲೇಟಿನ ಅಳತೆ, ನೃತ್ಯಶಾಲೆಯದ್ದಲ್ಲ. ಮಧ್ಯೆ ಒಂದು ಪ್ರಯೋಗ: ಬಿ ಫ್ಲಾಟ್ ಶ್ರುತಿಯಲ್ಲಿರಬೇಕಾದ ಹಾಡು ಅರ್ಧ ಸ್ವರ ಮೇಲೆ, ಬಿ ಆಗಿ ಕೇಳಿದರೆ ತಿರುಗಣಿ ಶೇಕಡಾ 6ರಷ್ಟು ಜೋರು. 78ರ ಬದಲು ಎಪ್ಪತ್ತಮೂರೂವರೆಗೆ ಇಳಿಸಿದೆ, ಕಾರ್ನೆಟ್ಟಿನ ಕೀರಲು ಹೋಯಿತು.

1940ರ ದಶಕದ ಹೊಸ ಜಾಝ್ ಶೈಲಿಯಾದ ಬೀಬಾಪ್‌ಗೆ ಈ ದಾರಿಯೂ ಸಾಲದು. 1942ರ ಆಗಸ್ಟಿನಿಂದ ವಾದಕರ ಸಂಘ ರೆಕಾರ್ಡಿಂಗ್ ನಿಲ್ಲಿಸಿತು. ಪ್ಲೇಟು ಕಂಪನಿಗಳಾದ ವಿಕ್ಟರ್, ಕೊಲಂಬಿಯಾ ಸಂಘದ ಷರತ್ತಿಗೆ ಒಪ್ಪಿದ್ದು 1944ರ ನವೆಂಬರಿನಲ್ಲಿ. ಆ ಬಿರುಕಿಗೆ ರೇಡಿಯೋ ಪ್ರಸಾರದ ಡಿಸ್ಕುಗಳು ಬೇಕು, ಅದರ ಹಿಂದಿನದಕ್ಕೆ 1941ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್ಬಿನಲ್ಲಿ ಹವ್ಯಾಸಿಯೊಬ್ಬ ಕೊರೆದುಕೊಂಡವು.