ಪುಶ್ ಮಾಡಿದ ಫಿಲ್ಮಿಗೆ ಡೆವಲಪರ್‌ನಲ್ಲಿ ಎಷ್ಟು ನಿಮಿಷ?

ಪುಶ್ ಎಂದರೆ ಫಿಲ್ಮಿಗೆ ಬೆಳಕು ಕಡಿಮೆ ಕೊಟ್ಟು, ಆ ಕೊರತೆಯನ್ನು ಡೆವಲಪರ್ ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟು ಸರಿದೂಗಿಸುವುದು. ಐಎಸ್‌ಒ 400 ಸ್ಪೀಡ್‌ನ ಕಪ್ಪು-ಬಿಳುಪು ಫಿಲ್ಮಿನಲ್ಲಿ ಮೀಟರನ್ನು 1600ಕ್ಕೆ ಇಟ್ಟು ಚಿತ್ರ ತೆಗೆದವರು ಡೆವಲಪ್ ಮಾಡುವಾಗ ಎಡವುವುದು ಹೆಚ್ಚಾಗಿ ಎರಡು ಕಡೆ. ಬೆಳಕು ಕಾಲು ಭಾಗವಾಯಿತು, ಹಾಗಾದರೆ ಸಮಯ ನಾಲ್ಕು ಪಟ್ಟು ಎಂದುಕೊಳ್ಳುವುದು ಒಂದು. ತಯಾರಕರು ಕೊಡುವ ಸಮಯದ ಪಟ್ಟಿಯಲ್ಲಿ 1600ರ ಸಾಲಿನ ಸಮಯವನ್ನೇ ತೆಗೆದುಕೊಂಡು, ಅದರ ಮೇಲೆ ಮತ್ತೊಮ್ಮೆ ಪುಶ್‌ನ ಗುಣಾಕಾರ ಮಾಡುವುದು ಇನ್ನೊಂದು. ಎರಡರಲ್ಲೂ ದೀಪ, ಕಿಟಕಿ, ಬಿಳಿ ಅಂಗಿಗಳು ನೆಗೆಟಿವ್‌ನಲ್ಲಿ ಕಪ್ಪಾಗಿ ಕಟ್ಟಿಕೊಂಡು, ಪ್ರಿಂಟಿನಲ್ಲಿ ಸುಣ್ಣ ಬಳಿದಂತೆ ಕಾಣುತ್ತವೆ.

ಹಂತ 1: ಇಡೀ ರೋಲನ್ನು ಒಂದೇ ಸ್ಪೀಡ್‌ನಲ್ಲಿ ತೆಗೆಯಿರಿ, ಆ ಸಂಖ್ಯೆಯನ್ನು ಡಬ್ಬಿಯ ಮೇಲೆ ಬರೆಯಿರಿ. ಅರ್ಧ 400, ಅರ್ಧ 1600 ಇರುವ ರೋಲಿಗೆ ಸರಿಯಾದ ಸಮಯ ಅಂತ ಒಂದಿಲ್ಲ.

ಹಂತ 2: ತಯಾರಕರ ಪಟ್ಟಿ ನೋಡಿ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ನೀರು ಬೆರೆಸದ ಐಡಿ-11 ಡೆವಲಪರ್‌ನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, 400ಕ್ಕೆ 7.5 ನಿಮಿಷ, 800ಕ್ಕೆ 10.5, 1600ಕ್ಕೆ 14. ಅದೇ ಫಿಲ್ಮಿಗೆ ಮೈಕ್ರೊಫೆನ್ ಎಂಬ ಇನ್ನೊಂದು ಡೆವಲಪರ್‌ನಲ್ಲಿ 6.5, 8, 11, 3200ಕ್ಕೆ 16. ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು; 400ರಿಂದ 1600 ಎರಡು ಸ್ಟಾಪ್. ಭಾಗಿಸಿ ನೋಡಿ: ಎರಡು ಸ್ಟಾಪ್ ಪುಶ್‌ಗೆ ಐಡಿ-11 ಕೇಳುವುದು 1.87 ಪಟ್ಟು, ಮೈಕ್ರೊಫೆನ್ ಕೇಳುವುದು 1.7 ಪಟ್ಟು. ಎಲ್ಲ ಡೆವಲಪರಿಗೂ ಹೊಂದುವ ಒಂದೇ ಗುಣಕ ಇಲ್ಲ. ಕೊಡಾಕ್ ಟ್ರೈ-ಎಕ್ಸ್ 400ಕ್ಕಂತೂ ಒಂದು ಸ್ಟಾಪ್ ಕಡಿಮೆಯಾದರೆ ಸಮಯ ಬದಲಿಸುವುದೇ ಬೇಡ ಎಂದು ತಯಾರಕರೇ ಹೇಳುತ್ತಾರೆ. ಪಟ್ಟಿಯಲ್ಲಿ ಸಮಯ ಸಿಕ್ಕಿತೆಂದರೆ ಅದರಲ್ಲಿ ಪುಶ್ ಸೇರಿಯೇ ಇದೆ. ಅದನ್ನು ಮತ್ತೆ ಪುಶ್‌ಗಾಗಿ ಹಿಗ್ಗಿಸಬೇಡಿ.

ಹಂತ 3: ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಗುಣಿಸಿ. ಐಡಿ-11 ಅಥವಾ ಡಿ-76 ಆದರೆ ಒಂದು ಸ್ಟಾಪ್‌ಗೆ 1.4, ಎರಡಕ್ಕೆ 1.85ರಿಂದ ಶುರುಮಾಡಿ. ಮಾಮೂಲಿ ಸಮಯ 8 ನಿಮಿಷವಿದ್ದರೆ ಎರಡು ಸ್ಟಾಪ್‌ಗೆ 14.8. ಇಲ್ಲೊಂದು ಗುಂಡಿಯಿದೆ: 14.8 ಎಂದರೆ 14 ನಿಮಿಷ 48 ಸೆಕೆಂಡು. ಅದನ್ನು 15 ನಿಮಿಷ 20 ಸೆಕೆಂಡು ಎಂದು ಓದುವವರು ಕಡಿಮೆಯಿಲ್ಲ.

ಇನ್ನು ಡೈಲ್ಯೂಷನ್ (ಡೆವಲಪರಿಗೆ ನೀರು ಬೆರೆಸುವುದು) ಮತ್ತು ಉಷ್ಣಾಂಶ. ಕೆಲಸ ಕೆಡುವುದೇ ಇಲ್ಲಿ. 1+1 (ಒಂದು ಪಾಲು ಡೆವಲಪರಿಗೆ ಒಂದು ಪಾಲು ನೀರು) ಮಾಡಿದರೆ ಸಮಯ ಎರಡು ಪಟ್ಟು ಎಂಬ ಲೆಕ್ಕ ಬಿಡಿ. ಎಚ್‌ಪಿ5ಗೆ 400ರಲ್ಲಿ ಐಡಿ-11 ಸ್ಟಾಕ್ (ನೀರು ಬೆರೆಸದ್ದು) 7.5 ನಿಮಿಷ, 1+1 ಆದರೆ 13, 1+3 ಆದರೆ 20. ನೀರಿನ ಪ್ರಮಾಣಕ್ಕೂ ನಿಮಿಷಕ್ಕೂ ನೇರ ಅನುಪಾತ ಇಲ್ಲ. ಆದ್ದರಿಂದ ನೀವು ಬಳಸುವ ಡೈಲ್ಯೂಷನ್‌ನ ಮಾಮೂಲಿ ಸಮಯವನ್ನೇ ಹುಡುಕಿ, ಪುಶ್‌ನ ಗುಣಕ ಅದಕ್ಕೆ ಹಾಕಿ. ಪುಶ್‌ಗೆ ಸ್ಟಾಕ್ ದ್ರಾವಣವೇ ವಾಸಿ, ಅದೂ ಹೊಸದು. ಹಿಂದಿನ ರೋಲುಗಳಿಗೆ ಬಳಸಿ ಬಾಟಲಿಗೆ ವಾಪಸ್ ಸುರಿದ ಡೆವಲಪರ್ ಮಾಮೂಲಿ ರೋಲಿಗೆ ಸಾಲಬಹುದು, ಇದಕ್ಕೆ ಸಾಲದು.

ಉಷ್ಣಾಂಶದ ತಿದ್ದುಪಡಿ ಯಾವಾಗಲೂ ಕೊನೆಗೆ, ಒಂದೇ ಸಲ. 20 ಡಿಗ್ರಿಯಿಂದ 24ಕ್ಕೆ ಹೋದರೆ ಸಮಯವನ್ನು ಸುಮಾರು 0.7ರಿಂದ ಗುಣಿಸಿ: 14 ನಿಮಿಷ 9.8 ಆಗುತ್ತದೆ, ಅಂದರೆ 9 ನಿಮಿಷ 48 ಸೆಕೆಂಡು. ಮಾಮೂಲಿ 6.5 ನಿಮಿಷಕ್ಕೆ ಇದನ್ನೇ ಮಾಡಿದರೆ ನಾಲ್ಕೂವರೆಗೆ ಇಳಿಯುತ್ತದೆ. ಐದು ನಿಮಿಷಕ್ಕಿಂತ ಕೆಳಗೆ ಡೆವಲಪ್‌ಮೆಂಟ್ ಪಟ್ಟೆ ಪಟ್ಟೆಯಾಗಿ ಬರುವ ಅಪಾಯವಿದೆ. ಪುಶ್‌ನಲ್ಲಿ ಸಮಯ ಉದ್ದವಾದ್ದರಿಂದ 24 ಡಿಗ್ರಿ ನಡೆಯುತ್ತದೆ. ಥರ್ಮಾಮೀಟರ್ ಒಂದು ಡಿಗ್ರಿ ತಪ್ಪು ತೋರಿಸಿದರೆ 14 ನಿಮಿಷದಲ್ಲಿ ಒಂದು ನಿಮಿಷಕ್ಕೂ ಹೆಚ್ಚು ತಪ್ಪುತ್ತದೆ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತಿರುವ ಅಗ್ಗದ ಕಡ್ಡಿಯನ್ನು ಬಿಸಾಡಿ.

ಹಂತ 4: ಅಲುಗಾಡಿಸುವ ಕ್ರಮ ಪಟ್ಟಿಯಲ್ಲಿ ಹೇಳಿದಂತೆಯೇ ಇರಲಿ. ಇಲ್‌ಫೋರ್ಡ್ ಸಮಯಗಳಿಗೆ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕ್ ತಲೆಕೆಳಗು ಮಾಡಿ, ಆಮೇಲೆ ಪ್ರತಿ ನಿಮಿಷದ ಆರಂಭದಲ್ಲಿ ಅಷ್ಟೇ ಸಲ. ಹೆಚ್ಚು ಅಲುಗಾಡಿಸಿದರೆ ನೆರಳಿನ ವಿವರ ಬರುತ್ತದೆ ಎಂಬುದು ಸುಳ್ಳು; ದಪ್ಪವಾಗುವುದು ಹೈಲೈಟುಗಳೇ (ಹೆಚ್ಚು ಬೆಳಕು ಬಿದ್ದ ಭಾಗಗಳು). ನೆರಳಿನಲ್ಲಿ ಬೆಳಕು ಬೀಳದ ಕಡೆ ಡೆವಲಪರಿಗೆ ಕಪ್ಪಾಗಿಸಲು ಏನೂ ಇರುವುದಿಲ್ಲ. ಮೈಕ್ರೊಫೆನ್‌ನಂಥವು ಅರ್ಧ ಸ್ಟಾಪ್‌ನಷ್ಟು ನಿಜವಾದ ಸ್ಪೀಡ್ ಕೊಡಬಹುದು, ಉಳಿದದ್ದೆಲ್ಲ ಬರೀ ಕಾಂಟ್ರಾಸ್ಟ್. ರೋಡಿನಲ್ ಡೆವಲಪರ್ ಸ್ಪೀಡನ್ನೇ ಸ್ವಲ್ಪ ತಿನ್ನುತ್ತದೆ, ಚಿತ್ರದ ಕಾಳನ್ನೂ (ಗ್ರೇನ್) ಎದ್ದು ಕಾಣಿಸುತ್ತದೆ, ಪುಶ್‌ಗೆ ಬೇಡವೇ ಬೇಡ. ಡೆವಲಪರ್, ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಎರಡೂ ಒಂದೇ ಬಾಟಲಿಯಲ್ಲಿರುವ ಮೋನೊಬಾತ್‌ಗಳಲ್ಲಿ ಸಮಯ ಹೆಚ್ಚಿಸಿ ಫಲವಿಲ್ಲ: ಫಿಕ್ಸರ್ ಆಗಲೇ ತನ್ನ ಕೆಲಸ ಮುಗಿಸಿರುತ್ತದೆ.

ಹಂತ 5: ಮುಖ್ಯವಾದ ರೋಲಿಗೆ ಮೊದಲು ಪರೀಕ್ಷೆ. ಬೇರೊಂದು ರೋಲಿನಲ್ಲಿ ಒಂದೇ ದೃಶ್ಯವನ್ನು ಅದೇ ಸ್ಪೀಡ್‌ನಲ್ಲಿ ತೆಗೆಯಿರಿ. ಪೂರ್ತಿ ಕತ್ತಲಲ್ಲಿ ಸುಮಾರು 20 ಸೆಂಟಿಮೀಟರ್ ಕತ್ತರಿಸಿ (ಐದು ಫ್ರೇಮ್ ಬರುತ್ತವೆ, ಅಂಚಿನದು ತುಂಡಾಗುತ್ತದೆ, ಇರಲಿ), ಲೆಕ್ಕದ ಸಮಯಕ್ಕೆ ಡೆವಲಪ್ ಮಾಡಿ. ಉಳಿದದ್ದನ್ನು ಬೆಳಕು ತಾಗದ ಡಬ್ಬಿಯಲ್ಲಿಡಿ.

ನೆಗೆಟಿವ್ ಒಣಗಿದ ಮೇಲೆ ಪ್ರಿಂಟ್ ಅಥವಾ ಸ್ಕ್ಯಾನ್ ಮಾಡಿ, ಮುಖದ ಮೇಲೆ ಬೆಳಕು ಬಿದ್ದ ಭಾಗವನ್ನು ನೋಡಿ. ಅಲ್ಲಿ ಚರ್ಮದ ಗೆರೆ ಕಾಣದೆ ಬಿಳಿಯಾಗಿದ್ದರೆ ಸಮಯವನ್ನು ಶೇ 10ರಿಂದ 15 ಇಳಿಸಿ, ಮುಂದಿನ ತುಂಡು ಮಾಡಿ. ಮುಖ ಮಂಕಾಗಿ, ಇಡೀ ಚಿತ್ರ ಬೂದಿಯಾಗಿದ್ದರೆ ಅಷ್ಟೇ ಏರಿಸಿ. ಮುಖ ಸರಿಯಿದ್ದು ಕೂದಲು, ಕಪ್ಪು ಕೋಟು ಬರಿದಾಗಿದ್ದರೆ ಗಡಿಯಾರ ಮುಟ್ಟಬೇಡಿ. ಮುಂದಿನ ಸಲ ಮೀಟರನ್ನು 1600ರ ಬದಲು 1250 ಅಥವಾ 1000ಕ್ಕೆ ಇಡಿ.

ಸ್ಟಾಪ್ ಬಾತ್, ಫಿಕ್ಸರ್, ತೊಳೆಯುವುದು ಮಾಮೂಲಿನಂತೆ. ಪುಶ್ ಮಾಡಿದ್ದಕ್ಕೆಂದು ಇವುಗಳ ಸಮಯ ಬದಲಾಗುವುದಿಲ್ಲ.